ಶುಕ್ರವಾರದ ಖಾಲಿ ಫ್ರೇಮುಗಳು

"ಇಲ್ಲ" ಎನ್ನುವ ಮಾತನ್ನು ಯಾರಾದರೂ ಸಲೀಸಾಗಿ ಆಡಿಬಿಟ್ಟರೆ ಧರಣಿಗೆ ಮೈಯೆಲ್ಲ ಉರಿಯುತ್ತದೆ. ಅಂಗಡಿಯವನು ಕೂತಲ್ಲಿಂದಲೇ "ಏಲಕ್ಕಿ ಇಲ್ಲ ಕಣಮ್ಮ" ಎಂದರೆ ಅವಳು ಕದಲುವುದಿಲ್ಲ. "ಡಬ್ಬ ತೆಗೆದು ನೋಡಿ ಹೇಳಿ" ಎಂದು ನಿಂತೇ ಇರುತ್ತಾಳೆ. ಎಷ್ಟೋ ಸಲ ಏಲಕ್ಕಿ ಸಿಕ್ಕಿಯೂ ಬಿಡುತ್ತದೆ. ಮೈಸೂರಿನ ಶ್ರೀರಾಂಪುರದ ಆ ಬೀದಿಯ ಅಂಗಡಿಯವರು ಈಗೀಗ ಅವಳನ್ನು ಕಂಡರೆ ಮೊದಲು ಡಬ್ಬ ತೆರೆಯುತ್ತಾರೆ, ಆಮೇಲೆ ಬಾಯಿ ತೆರೆಯುತ್ತಾರೆ. ಹಠಮಾರಿ ಹೆಂಗಸು ಎಂದು ಬೆನ್ನ ಹಿಂದೆ ಆಡಿಕೊಳ್ಳುವವರೂ ಇದ್ದಾರೆ. ಆಡಿಕೊಳ್ಳಲಿ. ಇಂಥ ಹಠಮಾರಿಗಳು ಬೀದಿಗೊಬ್ಬರು ಇದ್ದಿದ್ದರೆ ಈ ಊರಿನಲ್ಲಿ ಎಷ್ಟೋ ಜನರ ಬಾಳು ನೆಟ್ಟಗಿರುತ್ತಿತ್ತು.

ಈ ಗುಣ ಅವಳಿಗೆ ಬಂದದ್ದು ಅಪ್ಪನಿಂದ. ಅಪ್ಪ ಸಣ್ಣಯ್ಯ ಹಳ್ಳಿ ಬಿಟ್ಟು ಮೈಸೂರಿಗೆ ಬಂದು ವಿದ್ಯುತ್ ಕಂಬ ಹತ್ತುವ ಕೆಲಸಕ್ಕೆ ಸೇರಿದವರು. ಮದುವೆಯಾದ ಹೊಸತರಲ್ಲಿ ಒಂದು ದಿನ, ಕೆಳಗೆ ನಿಂತಿದ್ದ ಜೊತೆಗಾರ ತಂತಿಯನ್ನು ಪರೀಕ್ಷೆ ಮಾಡದೆಯೇ "ಲೈನಲ್ಲಿ ಕರೆಂಟಿಲ್ಲ, ಹತ್ತಣ್ಣ" ಎಂದ. ಸಣ್ಣಯ್ಯ ಹತ್ತಿದರು. ಜೀವವೇನೋ ಉಳಿಯಿತು, ಆದರೆ ಎಡಗೈಯ ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ. ಆ ಕೈಯಲ್ಲೇ ಮಗಳ ಕೈ ಹಿಡಿದು ಶಾಲೆಗೆ ಬಿಟ್ಟು ಬರುತ್ತಿದ್ದರು. ಅವನ ಮೇಲೆ ನಿನಗೆ ಸಿಟ್ಟಿಲ್ಲವಾ ಎಂದು ಅವಳೊಮ್ಮೆ ಕೇಳಿದ್ದಕ್ಕೆ, "ಅವನೇನು ಸುಳ್ಳು ಹೇಳ್ಲಿಲ್ಲ ಕಣವ್ವ. ನೋಡ್ದೆ ಹೇಳ್ಬುಟ್ಟ, ಅಷ್ಟೆ" ಎಂದಿದ್ದರು. ಮಗಳು ಅದನ್ನು ಮರೆಯಲಿಲ್ಲ.

ಡಿಪ್ಲೊಮಾ ಮುಗಿಸಿದ ಧರಣಿ ಕೆಲಸಕ್ಕೆ ಸೇರಿದ್ದು ಹೂಟಗಳ್ಳಿಯಲ್ಲಿ, ಪಾಲಿಟೆಕ್ನಿಕ್ಕಿನಲ್ಲಿ ತನ್ನ ಜೊತೆಯಲ್ಲೇ ಓದಿದ್ದ ಶಿವಕಿರಣನ ಕಚೇರಿಗೆ. ಕಚೇರಿ ಎಂದರೆ ಏನೋ ಎಂದುಕೊಳ್ಳಬೇಡಿ. ಹಾರ್ಡ್‌ವೇರ್ ಅಂಗಡಿಯ ಮೇಲಿನ ಒಂದು ಕೋಣೆ, ಕೆಲವು ಕಂಪ್ಯೂಟರು, ಕೆಳಗಿನಿಂದ ಸದಾ ಮೇಲೇರಿ ಬರುವ ಬಣ್ಣದ ವಾಸನೆ. ಅಕ್ಕಪಕ್ಕದ ಕಾರ್ಖಾನೆಗಳ ಕ್ಯಾಮೆರಾ ವಿಡಿಯೊಗಳನ್ನು ಓದಿ ವರದಿ ಕೊಡುವ ಪ್ರೋಗ್ರಾಂ ಬರೆಯುವುದು ಅವರ ಕಸುಬು.

ಅಂಥ ಕಾರ್ಖಾನೆಗಳಲ್ಲಿ ಒಂದು ತಗಡಿನ ಡಬ್ಬಿಗಳಿಗೆ ಮುಚ್ಚಳ ಒತ್ತುತ್ತಿತ್ತು. ಅಲ್ಲೊಂದು ದೊಡ್ಡ ಪ್ರೆಸ್ ಇದೆ. ತಗಡು ಇಟ್ಟು, ಎರಡು ಬದಿಯ ಎರಡು ಬಟನ್ನುಗಳನ್ನು ಎರಡು ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಅದು ಕೆಳಗಿಳಿಯಬೇಕು. ಎರಡೂ ಕೈ ಬಟನ್ನಿನ ಮೇಲಿದ್ದ ಮೇಲೆ ಬೆರಳು ಒಳಗೆ ಹೇಗೆ ಹೋದೀತು, ಹೇಳಿ. ಆದರೂ ಇರಲಿ ಎಂದು ಕ್ಯಾಮೆರಾ ಹಾಕಿಸಿದ್ದರು. ಪ್ರೆಸ್ ಇಳಿಯುವಾಗ ಅದರ ಬಾಯಲ್ಲಿ ಕೈ ಕಂಡಿತೇ ಎಂದು ಶಿವಕಿರಣನ ಪ್ರೋಗ್ರಾಂ ದಿನವಿಡೀ ವಿಡಿಯೊ ನೋಡಿ ಸಂಜೆ ಒಂದು ಸಾಲು ಬರೆಯುತ್ತಿತ್ತು.

ಒಂದು ಸೋಮವಾರ ಬೆಳಿಗ್ಗೆ ಆ ಕಾರ್ಖಾನೆಯ ಮ್ಯಾನೇಜರ್ ಮಹೇಂದ್ರ ಫೋನ್ ಮಾಡಿದರು. ಹಿಂದಿನ ತಿಂಗಳ ಒಂದು ಶುಕ್ರವಾರದ ವರದಿಯನ್ನು ಕಚೇರಿಯ ಮೊಹರು ಹಾಕಿ ಕಳಿಸಿ, ಬರುವ ಸೋಮವಾರ ಒಂದು ವಿಚಾರಣೆ ಇದೆ, ಎಂದರು. ಧರಣಿ ಏನು ವಿಚಾರಣೆ ಎಂದು ಕೇಳಿದಳು.

"ವಸಂತಮ್ಮ ಅಂತ, ಪ್ರೆಸ್ ಆಪರೇಟರ್ರು. ಬಲಗೈಯ ಎರಡು ಬೆರಳ ತುದಿ ಹೋಗಿದೆ. ಪ್ರೆಸ್ಸಲ್ಲೇ ಆಯ್ತು, ತಾನಾಗೇ ಬಿತ್ತು ಅಂತಾರೆ. ಎರಡು ಬಟನ್ ಒತ್ತದೆ ಅದು ಬೀಳೋದುಂಟೇನ್ರೀ? ಪಕ್ಕದಲ್ಲಿ ತಗಡು ಕತ್ತರಿಸೋ ಮಿಷನ್ ಇದೆ. ಮುಟ್ಟಬಾರದು ಅಂತ ಹೇಳಿದ್ರೂ ಅಲ್ಲಿ ಕೈ ಹಾಕಿದಾರೆ, ಈಗ ಪ್ರೆಸ್ ಮೇಲೆ ಹೇಳ್ತಾರೆ. ನಿಮ್ಮ ವರದಿಯಲ್ಲೂ ಕೈ ಬಂದಿಲ್ಲ ಅಂತಾನೇ ಇದೆ. ಕಂಪ್ಯೂಟರ್ ಸುಳ್ಳು ಹೇಳುತ್ತಾ?"

ಧರಣಿ ವರದಿ ತೆಗೆದಳು. ನಿಜ, ಆ ಶುಕ್ರವಾರದ ಎದುರು ಸೊನ್ನೆ ಇತ್ತು. ಮೊಹರು ಕೈಯಲ್ಲಿತ್ತು, ಒತ್ತಿದ್ದರೆ ಕೆಲಸ ಮುಗಿಯುತ್ತಿತ್ತು. ಯಾಕೋ ಮೇಲೆ ಕೆಳಗೆ ಕಣ್ಣಾಡಿಸಿದಳು. ಬೇರೆ ದಿನಗಳಲ್ಲಿ ಅಲ್ಲೊಂದು ಇಲ್ಲೊಂದು, ಕೈ ಸ್ವಲ್ಪ ತಡವಾಗಿ ಹೊರಬಂದದ್ದು, ಸೀರೆಯ ಸೆರಗು ಹಾದುಹೋದದ್ದು, ಏನಾದರೂ ಇದ್ದೇ ಇತ್ತು. ಶುಕ್ರವಾರಗಳು ಮಾತ್ರ ಶುದ್ಧ. ತಿಂಗಳುಗಟ್ಟಲೆ ಹಿಂದೆ ಹೋದರೂ ಸೊನ್ನೆ, ಸೊನ್ನೆ, ಸೊನ್ನೆ.

ಮತ್ತೆ ಫೋನ್ ಮಾಡಿ ಕೇಳಿದ್ದಕ್ಕೆ ಮಹೇಂದ್ರ ನಕ್ಕರು. "ಅದು ನಮಗೂ ಗೊತ್ತು ಕಣಮ್ಮ. ಶುಕ್ರವಾರ ಬೆಟ್ಟದ ತಾಯಿ ದಿನ. ಬೆಳಿಗ್ಗೆನೇ ಪೂಜೆ ಮಾಡ್ತೀವಲ್ಲ, ಅದಕ್ಕೇ ಒಂದು ತೊಂದರೆನೂ ಬರಲ್ಲ."

ಕಾರ್ಖಾನೆಯವರೆಲ್ಲ ಹಾಗೇ ನಂಬಿದ್ದರು. ಶಿವಕಿರಣನೂ ಆ ಸೊನ್ನೆಗಳನ್ನು ಕಂಡವನೇ, ಅವನಿಗೂ ಅದು ವಿಚಿತ್ರ ಎನಿಸಿರಲಿಲ್ಲ. ಧರಣಿಯ ಮನೆಯದು ಬೇರೆ ರೂಢಿ. ಅವರದು ಬುದ್ಧನನ್ನು ನಂಬಿದ ಮನೆ. ತಾಯಿ ಮಂಚಮ್ಮ ಬುದ್ಧನ ಪಟಕ್ಕೆ ದಿನಾ ಒಂದು ಹೂವಿಡುತ್ತಾರೆ, ಅದರಲ್ಲಿ ವಾರದ ಲೆಕ್ಕವಿಲ್ಲ. ಶುಕ್ರವಾರವೂ ಅವಳಿಗೆ ಬುಧವಾರದ ಹಾಗೇ ಇನ್ನೊಂದು ದಿನ. ಅದೊಂದು ದಿನ ಮಾತ್ರ ಯಾರ ಕೈಯೂ ತಡವಾಗುವುದಿಲ್ಲ, ಯಾರ ಸೆರಗೂ ಜಾರುವುದಿಲ್ಲ ಎಂದರೆ ಅವಳು ಹೇಗೆ ಒಪ್ಪಿಯಾಳು? ನೋಡದೆ ಹೇಳಿದ "ಇಲ್ಲ"ದ ವಾಸನೆ ಅವಳ ಮೂಗಿಗೆ ಬಡಿಯಿತು.

ಮೊಹರನ್ನು ಡ್ರಾಯರಿಗೆ ಹಾಕಿ ಫೈಲು ತೆರೆದಳು.

ವಿಡಿಯೊ ಎಂದರೆ ಸಾಲುಗಟ್ಟಿದ ಚಿತ್ರಗಳು, ಅಷ್ಟೆ. ಒಂದೊಂದು ಚಿತ್ರಕ್ಕೂ ಫ್ರೇಮ್ ಎನ್ನುತ್ತಾರೆ. ಪ್ರೋಗ್ರಾಂ ಒಂದರ ಹಿಂದೆ ಒಂದರಂತೆ ಫ್ರೇಮುಗಳನ್ನು ಕೈಗೆತ್ತಿಕೊಂಡು ನೋಡುತ್ತದೆ. ಫೈಲು ಮುಗಿದ ಮೇಲೂ ಕೊಡು ಎಂದರೆ ಖಾಲಿ ಫ್ರೇಮ್ ಬರುತ್ತದೆ. ಖಾಲಿ ಬಂತೋ, ಫೈಲು ಮುಗಿಯಿತು, ನಿಲ್ಲಿಸು, ಅಲ್ಲಿಯವರೆಗೆ ಕಂಡದ್ದನ್ನು ವರದಿ ಮಾಡು. ಶಿವಕಿರಣ ಹಾಗೆ ಬರೆದಿದ್ದ. ಲೋಕದಲ್ಲಿ ಮುಕ್ಕಾಲು ಪಾಲು ಜನ ಹಾಗೇ ಬರೆಯುವುದು. ಫೈಲು ಮುಗಿಯದೆಯೂ ಖಾಲಿ ಬರಬಹುದು ಎಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಧರಣಿ ಕೆಡಿಸಿಕೊಂಡಳು. ಗುರುವಾರದ ಫೈಲು ಕೊಟ್ಟಳು, ಪ್ರೋಗ್ರಾಂ ಸಂಜೆಯವರೆಗೂ ಓದಿತು. ಶುಕ್ರವಾರದ್ದು ಕೊಟ್ಟಳು. ಪಾಳಿ ಶುರುವಾಗಿ ಸ್ವಲ್ಪ ಹೊತ್ತಿಗೇ ಖಾಲಿ ಫ್ರೇಮ್ ಬಂದು ನಿಂತುಹೋಯಿತು. ಆಮೇಲಿನ ಇಡೀ ದಿನವನ್ನು ಪ್ರೋಗ್ರಾಂ ನೋಡಿಯೇ ಇರಲಿಲ್ಲ. ನೋಡದೆಯೇ ಸೊನ್ನೆ ಬರೆದಿತ್ತು.

ಶಿವಕಿರಣನನ್ನು ಕರೆದು ತೋರಿಸಿದಳು. ಅವನು ಒಳ್ಳೆಯವನೇ, ಆದರೆ ಹೆದರುಪುಕ್ಕಲ. ಮುಖ ಸಣ್ಣದು ಮಾಡಿಕೊಂಡ.

"ಫೈಲು ಎಲ್ಲಿದೆ ಅನ್ನೋ ದಾರಿ ತಪ್ಪಾಗಿ ಕೊಟ್ಟಿರ್ಬೇಕು ನೋಡು."

"ದಾರಿ ತಪ್ಪಿದ್ರೆ ಮೊದಲನೇ ಫ್ರೇಮೇ ಬರ್ತಿರ್ಲಿಲ್ಲ. ಅರ್ಧ ಗಂಟೆ ಓದಿ ನಿಂತಿದೆ."

"ಹಂಗಾದ್ರೆ ವಿಡಿಯೊ ಬಿಚ್ಚೋ ಸಾಫ್ಟ್‌ವೇರ್ ಹಳೇದು. ಹೊಸದು ಹಾಕು."

ಹೊಸದು ಹಾಕಿದಳು. ಬೇರೆ ಕಂಪ್ಯೂಟರಿನಲ್ಲಿ ಓಡಿಸಿದಳು. ಫೈಲು ತಂದ ಪೆನ್‌ಡ್ರೈವ್ ಕೆಟ್ಟಿರಬಹುದೆಂದು ಕಾರ್ಖಾನೆಗೆ ಹೋಗಿ ಕ್ಯಾಮೆರಾದ ರೆಕಾರ್ಡರಿನಿಂದಲೇ ಫೈಲನ್ನು ಮತ್ತೆ ಇಳಿಸಿಕೊಂಡು ಬಂದಳು. ಮಾಮೂಲಿ ಪ್ಲೇಯರಿನಲ್ಲಿ ಹಾಕಿ ಕಣ್ಣಾರೆ ನೋಡಿದಳು. ಅದರಲ್ಲಿ ಪ್ರೆಸ್ ಕಾಣುತ್ತದೆ, ಊದುಬತ್ತಿಯ ಹೊಗೆ ಕಾಣುತ್ತದೆ, ಬಳೆ ತೊಟ್ಟ ಒಂದು ಕೈ ಮಂಗಳಾರತಿ ತಟ್ಟೆ ಹಿಡಿದಿದೆ, ಆಮೇಲೆ ಕಪ್ಪು. ಪ್ಲೇಯರೂ ಅಲ್ಲೇ ಮುಗಿಯಿತೆಂದು ಮುಚ್ಚಿಕೊಳ್ಳುತ್ತಿತ್ತು. ಬೇರೆ ಶುಕ್ರವಾರಗಳದೂ ಅದೇ ಕತೆ, ಆರತಿಯ ಹೊತ್ತಿಗೆ ಖಾಲಿ.

"ಆಯ್ತಲ್ಲ, ರೆಕಾರ್ಡಿಂಗೇ ಆಗಿಲ್ಲ. ಬುಡು ಇನ್ನ" ಎಂದ ಶಿವಕಿರಣ.

"ಆಗಿಲ್ಲ ಅಂದ್ರೆ ಫೈಲು ಇಷ್ಟು ದಪ್ಪ ಯಾಕಿದೆ?"

ಹೌದು. ಅರ್ಧ ಗಂಟೆಯ ಫೈಲು ಅರ್ಧ ಗಂಟೆಯಷ್ಟೇ ಜಾಗ ತಿನ್ನಬೇಕಿತ್ತು. ಇದು ಗುರುವಾರದ್ದರಷ್ಟೇ ತಿಂದಿತ್ತು. ಖಾಲಿ ಎಂದು ಹೇಳುವ ಕೊಡ ಎತ್ತಿ ನೋಡಿದರೆ ತುಂಬಿದ ಭಾರ. ಧರಣಿ ಮಹೇಂದ್ರರಿಗೆ ಫೋನ್ ಮಾಡಿ, ವರದಿ ಸೋಮವಾರ ತಾನೇ ತರುತ್ತೇನೆ, ಅಲ್ಲಿಯವರೆಗೆ ಮೊಹರು ಹಾಕುವುದಿಲ್ಲ ಎಂದಳು. ಅವರು ಗೊಣಗಿದರು. ಗೊಣಗಲಿ ಎಂದು ಫೋನಿಟ್ಟಳು.

ಆ ವಾರದ ಶುಕ್ರವಾರ ಪಾಳಿ ಶುರುವಾಗುವ ಮೊದಲೇ ಕಾರ್ಖಾನೆಯ ಬಾಗಿಲಲ್ಲಿದ್ದಳು. ವಸಂತಮ್ಮ ಮನೆಯಲ್ಲಿದ್ದುದರಿಂದ ಅವತ್ತಿನ ಪೂಜೆ ರಕ್ಷಿತಾ ಎಂಬ ಹುಡುಗಿಯದು. ಪಾಳಿ ಶುರುವಾಗಿ ಅರ್ಧ ಗಂಟೆಗೆ, ಓಡುತ್ತಿದ್ದ ಪ್ರೆಸ್ ನಿಂತಿತು. ರಕ್ಷಿತಾ ಒರೆಸಿ, ಅರಿಸಿನ ಕುಂಕುಮ ಹಚ್ಚಿ, ಕನಕಾಂಬರದ ಮಾಲೆ ಸುತ್ತಿದಳು. ಕ್ಯಾಮೆರಾಗೂ ಒಂದು ಬೊಟ್ಟು, ಗಾಜಿಗೆ ತಾಗದ ಹಾಗೆ ಪಕ್ಕಕ್ಕೆ. ಆಮೇಲೆ ಮೇನ್ ಸ್ವಿಚ್ಚು ಆರಿಸಿದಳು. ಕರೆಂಟು ಹೋದರೂ ರೆಕಾರ್ಡರ್ ನಿಲ್ಲದ ಹಾಗೆ ಕಾಯುತ್ತಿದ್ದ ಯು.ಪಿ.ಎಸ್. ಕೀ ಕೀ ಎಂದು ಕೂಗಿಕೊಂಡಿತು. ರಕ್ಷಿತಾ ಬಗ್ಗಿ ಅದಕ್ಕೂ ಕುಂಕುಮ ಹಚ್ಚಿ, ಅದನ್ನೂ ಆರಿಸಿದಳು. ಇಡೀ ಶೆಡ್ಡು ಗಪ್ಪಾಯಿತು. ಆ ನಿಶ್ಶಬ್ದದಲ್ಲಿ ಕರ್ಪೂರ ಹೊತ್ತಿತು. ಎಲ್ಲರೂ ಕಣ್ಣು ಮುಚ್ಚಿ ಕೈ ಮುಗಿದರು. ಧರಣಿಯೂ ಕೈ ಮುಗಿದಳು, ಕಣ್ಣು ಮಾತ್ರ ಮುಚ್ಚಲಿಲ್ಲ.

"ಅದನ್ನ ಯಾಕಮ್ಮ ಆಫ್ ಮಾಡ್ದೆ?" ಎಂದು ಆಮೇಲೆ ಕೇಳಿದಳು.

"ವಸಂತಮ್ಮಕ್ಕ ಎಂಗೆ ಮಾಡ್ತಿದ್ರೋ ಅಂಗೇ ಅಕ್ಕ. ಆರತಿ ಆಗೋವರ್ಗೂ ಯಾವುದೂ ಉಸಿರಾಡ್ಬಾರ್ದು ಅಂತಾರೆ ಅವ್ರು."

ಪ್ರಸಾದ ಹಂಚಿದ ಮೇಲೆ ಎಲ್ಲವನ್ನೂ ಮತ್ತೆ ಹೊತ್ತಿಸಿದರು. ಧರಣಿ ರೆಕಾರ್ಡರಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಅದು ಎದ್ದಿತು, ಮಿಣಮಿಣ ಎಂದಿತು, ಬರೆಯತೊಡಗಿತು. ಹೊಸ ಫೈಲು ತೆರೆಯಲಿಲ್ಲ. ಒಂದು ಪಾಳಿಗೆ ಒಂದೇ ಫೈಲು ಎಂದು ಅದಕ್ಕೆ ಹೇಳಿಕೊಟ್ಟಿದ್ದರಲ್ಲ, ಕಡಿದುಹೋದ ಹಳೆಯ ಫೈಲಿನ ಬಾಲಕ್ಕೇ ಹೊಸದನ್ನು ಅಂಟಿಸುತ್ತಾ ಹೋಯಿತು. ಕಡಿದ ಜಾಗದಲ್ಲಿ ಓದುವವರು ಎಡವುತ್ತಾರೆ, ಖಾಲಿ ಸಿಗುತ್ತದೆ, ಮುಗಿಯಿತು ಎಂದುಕೊಂಡು ಮನೆಗೆ ಹೋಗುತ್ತಾರೆ. ಬಾಲ ಅಲ್ಲೇ ಇದೆ.

ಮರುದಿನ ಅವಳು ವಸಂತಮ್ಮನ ಮನೆ ಹುಡುಕಿಕೊಂಡು ಹೋದಳು. ಹೂಟಗಳ್ಳಿಯ ಹಳೇ ಊರಿನ ಕಡೆ, ಹೊಸ ಮಹಡಿ ಮನೆಗಳ ನಡುವೆ ಉಳಿದುಕೊಂಡ ಹೆಂಚಿನ ಮನೆ. ವಸಂತಮ್ಮ ಜಗಲಿಯ ಮೇಲೆ ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದರು. ಎಡಗೈಯಲ್ಲಿ ಅವರೆಕಾಯಿ ಸುಲಿಯಲು ಒದ್ದಾಡುತ್ತಿದ್ದರು. ಧರಣಿ ಏನೂ ಹೇಳದೆ ಮೊರವನ್ನು ತನ್ನ ಕಡೆ ಎಳೆದುಕೊಂಡು ಸುಲಿಯತೊಡಗಿದಳು.

"ನೀವು ಕಂಪ್ನಿ ಕಡೇರಾ?" ಎಂದರು ವಸಂತಮ್ಮ.

"ಕ್ಯಾಮೆರಾ ಕಡೆಯವಳು."

"ಕೈ ಬಂದಿಲ್ಲ ಅಂತ ಹೇಳಿದ್ದು ನೀವೇಯಾ?"

ಧರಣಿ ತಲೆ ತಗ್ಗಿಸಲಿಲ್ಲ, ಸಮಜಾಯಿಷಿಯನ್ನೂ ಹೇಳಲಿಲ್ಲ. "ನಾವೇ. ಅದು ಸರಿ ಇಲ್ಲ ಅಂತ ಅನುಮಾನ ಬಂದಿದೆ. ಅದಕ್ಕೇ ಬಂದೆ."

ವಸಂತಮ್ಮ ಸುಲಿದ ಕಾಳನ್ನು ಮೊರದ ಒಂದು ಬದಿಗೆ ತಳ್ಳಿದರು. ಆಮೇಲೆ ಹೇಳಿದರು. ಊಟವಾದ ಮೇಲೆ ಪ್ರೆಸ್ಸಿಗೆ ಬಂದದ್ದು, ಒಂದು ತಗಡು ಒತ್ತಿದ್ದು, ಮುಚ್ಚಳ ತೆಗೆಯಲು ಕೈ ಹಾಕಿದ್ದು, ಮತ್ತೆ ಬಿದ್ದದ್ದು. "ಬೆಳಿಗ್ಗೆ ತಾನೇ ಅದಕ್ಕೆ ಹೂವಿಟ್ಟು ಕೈ ಮುಗ್ದಿದ್ದೆ ಕಣವ್ವ" ಎಂದರು. ಒಳಗಿನಿಂದ ಬಂದ ಗಂಡ ಮಹದೇವು ಕಂಬಕ್ಕೆ ಒರಗಿ ನಿಂತರು. "ಸೋಮವಾರ ತಪ್ಪಾಯ್ತು ಅಂತ ಒಪ್ಕೊಂಬುಟ್ರೆ ಬೇರೆ ಕೆಲ್ಸಕ್ಕೆ ಹಾಕ್ತಾರಂತೆ. ಇಲ್ಲ ಅಂದ್ರೆ ಸುಳ್ಳು ಹೇಳಿದ್ದಕ್ಕೆ ಮನೇಗೇ ಅಂತೆ. ಒಪ್ಕೊಂಬುಡು ಅಂತ ನಾನೂ ಹೇಳ್ತಾ ಇದೀನಿ" ಎಂದರು. ವಸಂತಮ್ಮ ಗಂಡನ ಕಡೆ ನೋಡಲಿಲ್ಲ. ಆ ಮನೆಯಲ್ಲಿ ಆ ಮಾತು ದಿನಾ ನಡೆಯುತ್ತಿದೆ ಎಂಬುದು ಧರಣಿಗೆ ತಿಳಿದುಹೋಯಿತು.

ಹೊರಡುವಾಗ ಕೇಳಿದಳು, "ಆರತಿ ಹೊತ್ತಲ್ಲಿ ಯು.ಪಿ.ಎಸ್. ಆಫ್ ಮಾಡ್ತಿದ್ದಿದ್ದು ನೀವೇನಾ?"

"ನಾನೇ. ಎಲ್ಲಾ ಜನನೂ ಬಿಟ್ಟು ನಂಗೇ ಪೂಜೆ ಮಾಡು ಅಂತ ಹೇಳಿದ್ರು, ನನ್ನ ಕೈಗುಣ ಒಳ್ಳೇದು ಅಂತ." ವಸಂತಮ್ಮನ ಮುಖದಲ್ಲಿ ಆವತ್ತು ಮೊದಲ ಬಾರಿಗೆ ಒಂದಿಷ್ಟು ಬೆಳಕು ಬಂತು. "ಯಾಕವ್ವ?"

"ಏನಿಲ್ಲ" ಎಂದಳು ಧರಣಿ. ಅವಳ ಬಾಯಲ್ಲಿ ಆ ಮಾತು ಬರುವುದೇ ಅಪರೂಪ. ಆದರೆ ಆ ಹೆಂಗಸಿನ ಭಕ್ತಿಯೇ ಕ್ಯಾಮೆರಾದ ಕಣ್ಣು ಕಟ್ಟಿತು ಎಂದು ಆ ಜಗಲಿಯ ಮೇಲೆ ಹೇಗೆ ಹೇಳುವುದು?

ಶಿವಕಿರಣನಿಗೆ ಫೋನಿನಲ್ಲಿ ವಿಷಯ ಹೇಳಿದಾಗ ಅವನು ಉಸಿರು ಬಿಟ್ಟ ಸದ್ದು ಇಲ್ಲಿಗೂ ಕೇಳಿಸಿತು. "ಅಬ್ಬ. ಹಂಗಾದ್ರೆ ತಪ್ಪು ನಮ್ಮ ತಲೆ ಮೇಲಿಲ್ಲ. ಆಫ್ ಮಾಡಿದ್ದು ಅವರೇ ಅಂತ ಒಂದು ಸಾಲು ಬರ್ದುಬುಡು."

"ಶಿವಕಿರಣ, ಅವರು ಆಫ್ ಮಾಡಿದ್ದು ಒಂದು ಆರತಿ ಹೊತ್ತು. ನಾವು ಕಣ್ಣು ಮುಚ್ಕೊಂಡಿದ್ದು ಇಡೀ ದಿನ. ಮುಚ್ಕೊಂಡು, ನೋಡಿದೀವಿ ಅಂತ ಬರೆದ್ವಿ."

"ಆ ಬಾಲ ಓದೋಕಾಗುತ್ತಾ?" ಎಂದ. ಅಷ್ಟು ಕೇಳಿದನಲ್ಲ, ಅದು ಅವನ ದೊಡ್ಡತನ ಎಂದೇ ಇಟ್ಟುಕೊಳ್ಳೋಣ.

ಭಾನುವಾರ ಬೆಳಿಗ್ಗೆ ಧರಣಿ ಮನೆಯಲ್ಲೇ ಕೂತಳು. ಕಿಟಕಿಯಾಚೆ ಬೆಟ್ಟ, ಕೆಳಗೆ ಹೊಸ ಬಡಾವಣೆಯ ಕಾಂಕ್ರೀಟ್ ಮಿಕ್ಸರಿನ ಸದ್ದು. ಮೊದಲು ಪ್ರೋಗ್ರಾಂ ತಿದ್ದಿದಳು, ಖಾಲಿ ಫ್ರೇಮ್ ಬಂದರೆ ನಿಲ್ಲಬೇಡ, ಮುಂದಿನದನ್ನು ಕೇಳು ಎಂದು. ಅದು ಕೇಳಿತು. ಖಾಲಿ. ಮತ್ತೆ ಕೇಳಿತು. ಖಾಲಿ. ಕೊನೆಯವರೆಗೂ ಖಾಲಿ. ನಡುವೆ ಎಲ್ಲಿಗಾದರೂ ನೆಗೆದು ನೋಡು ಎಂದಳು. ಕಡಿದ ಜಾಗದಿಂದಾಚೆಗೆ ನೆಗೆಯಲು ಅದಕ್ಕೆ ಗುರುತುಗಳೇ ಇರಲಿಲ್ಲ.

ಸಮಸ್ಯೆ ಇರುವುದು ಇಲ್ಲಿ. ಜಾಗ ಉಳಿಸಲು ರೆಕಾರ್ಡರು ಪ್ರತಿ ಸಲವೂ ಇಡೀ ಚಿತ್ರ ಬರೆಯುವುದಿಲ್ಲ. ಆಗೊಂದು ಈಗೊಂದು ಪೂರ್ತಿ ಚಿತ್ರ, ನಡುವೆ ಏನು ಬದಲಾಯಿತೋ ಅಷ್ಟು ಮಾತ್ರ. ಕಡಿದ ಜಾಗದಲ್ಲಿ ಕಾಲು ತಪ್ಪಿದ ಓದು, ಹಿಂದಿನ ಚಿತ್ರವೇ ಇಲ್ಲದೆ ಬದಲಾವಣೆ ಯಾವುದಕ್ಕೆ ಸೇರಿಸಲಿ ಎಂದು ತಡವರಿಸಿ ತಡವರಿಸಿ ಸೋತುಬಿಡುತ್ತದೆ. ಹಾಗಾದರೆ ಕಡಿದದ್ದನ್ನು ದಾಟಿ, ಎಚ್ಚರವಾದ ಮೇಲೆ ರೆಕಾರ್ಡರು ಬರೆದ ಮೊದಲ ಪೂರ್ತಿ ಚಿತ್ರವನ್ನು ಹುಡುಕಬೇಕು. ಅಲ್ಲಿಂದ ಮುಂದಿನದನ್ನೆಲ್ಲ ಬೇರೆ ಫೈಲಾಗಿ ಕತ್ತರಿಸಬೇಕು. ಓದುವವನಿಗೆ ಹಳೆಯ ಗಾಯದ ಸುದ್ದಿಯೇ ತಿಳಿಯಬಾರದು.

ಹೇಳುವುದು ಸುಲಭ. ಒಂದು ಕಡೆ ಕತ್ತರಿಸಿದಳು, ಖಾಲಿ. ಇನ್ನೊಂದು ಕಡೆ ಕತ್ತರಿಸಿದಳು, ಬೂದು ಬಣ್ಣದ ಕಲಸುಮೇಲೋಗರ. ಮಂಚಮ್ಮ ಉಪ್ಪಿಟ್ಟು ತಂದಿಟ್ಟರು, ಅದು ತಣ್ಣಗಾಯಿತು. ಬಿಸಿ ಮಾಡಿ ತಂದರು, ಮತ್ತೆ ತಣ್ಣಗಾಯಿತು. "ಯಾವ ಘನಂದಾರಿ ಕೆಲ್ಸನೇ ಅದು" ಎಂದು ಬೈದು ತಟ್ಟೆ ಎತ್ತಿಕೊಂಡು ಹೋದರು. ಧರಣಿಗೆ ಕಣ್ಣಲ್ಲಿ ನೀರು ಬಂದಿತ್ತು. ಕೈಲಾಗದ ಸಿಟ್ಟಿಗೆ ಬಂದ ನೀರು. ಒರೆಸಿಕೊಂಡು ಮತ್ತೆ ಸ್ವಲ್ಪ ಮುಂದೆ ಕತ್ತರಿಸಿದಳು.

ಫ್ರೇಮ್ ಬಂತು.

ಪ್ರೆಸ್ಸಿನ ಕಂಬಿ, ಅದಕ್ಕೆ ಸುತ್ತಿದ ಕನಕಾಂಬರ, ಗೋಡೆಯ ಮೇಲೆ ಬೆಳಗಿನ ಬಿಸಿಲು. ಅದರ ಹಿಂದೆಯೇ ಇನ್ನೊಂದು ಫ್ರೇಮ್, ಇನ್ನೊಂದು. ಹೆಂಗಸರು ಪ್ರಸಾದ ತಿನ್ನುತ್ತಾ ನಗುತ್ತಿದ್ದರು. ಧರಣಿ ಎದ್ದು ಹೊರಗೆ ಬಂದಳು. ಸಣ್ಣಯ್ಯ ಬಾಗಿಲ ಮೆಟ್ಟಿಲ ಮೇಲೆ ಪೇಪರ್ ಓದುತ್ತಿದ್ದರು.

"ಅಪ್ಪ, ಇದೆ" ಎಂದಳು.

ಏನು ಇದೆ ಎಂದು ಅವರು ಕೇಳಲಿಲ್ಲ. ಮಗಳ ಮುಖ ನೋಡಿ ಪೇಪರ್ ಮಡಚಿದರು, ಒಳಗೆ ಬಂದು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಊಟದ ಬಿಡುವಿನ ನಂತರದ ಭಾಗವನ್ನು ಇಬ್ಬರೂ ಒಟ್ಟಿಗೆ ನೋಡಿದರು. ನೋಡಿದ ಮೇಲೆ ಸಣ್ಣಯ್ಯ ತಮ್ಮ ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡರು. ಧರಣಿ ಉಳಿದ ಶುಕ್ರವಾರಗಳ ಬಾಲಗಳನ್ನೂ ಕತ್ತರಿಸಿ ಓದಿಸಿದಳು. ಯಾರೂ ಬಟನ್ ಒತ್ತದೆ ಪ್ರೆಸ್ ತಾನಾಗಿ ಇಳಿದದ್ದು ಬೇರೆ ಶುಕ್ರವಾರಗಳಲ್ಲೂ ಸಿಕ್ಕಿತು. ಆಗ ಕೈ ಒಳಗಿರಲಿಲ್ಲ, ಯಾರೂ ಗಮನಿಸಿರಲಿಲ್ಲ. ಬೇರೆ ದಿನಗಳಲ್ಲಿ ಹುಡುಕಿದರೆ ಇಲ್ಲ, ಮೇನ್ ಸ್ವಿಚ್ಚು ಪೂರ್ತಿ ಆರಿಸಿ ಹೊತ್ತಿಸಿದ ದಿನಗಳಲ್ಲೇ ಪ್ರೆಸ್ಸಿನ ಆ ಆಟ. ಶುಕ್ರವಾರಗಳು ಎಲ್ಲಕ್ಕಿಂತ ಅಪಾಯದ ದಿನಗಳಾಗಿದ್ದವು.

ಸೋಮವಾರ ಕಾರ್ಖಾನೆಯ ಕಚೇರಿಯಲ್ಲಿ ಮಾಲೀಕರು, ಮಹೇಂದ್ರ, ವಸಂತಮ್ಮ, ಮಹದೇವು ಇದ್ದರು. ಶಿವಕಿರಣನೂ ಬಂದಿದ್ದ. ಬರುವುದಿಲ್ಲ ಎಂದವನು ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಧರಣಿಯ ಪಕ್ಕ ನಿಂತ.

"ಮೊಹರು ಹಾಕಿದ ವರದಿ ಕೊಡಮ್ಮ" ಎಂದರು ಮಹೇಂದ್ರ.

"ಆ ವರದಿ ತಪ್ಪು ಸರ್. ನಮ್ಮ ತಪ್ಪು" ಎಂದಳು ಧರಣಿ. ಆರತಿಯಿಂದ ಶುರುಮಾಡಿ, ಕಡಿದ ಫೈಲು, ಖಾಲಿ ಫ್ರೇಮು, ನಿಂತುಹೋದ ಓದು, ಎಲ್ಲವನ್ನೂ ಬಿಡಿಸಿ ಹೇಳಿದಳು.

ಮಹೇಂದ್ರ ಅಷ್ಟು ಸುಲಭಕ್ಕೆ ಬಿಡುವವರಲ್ಲ. "ಅಂದ್ರೆ ಆ ಸ್ವಿಚ್ಚು ಆರಿಸಿದ್ದು ವಸಂತಮ್ಮನೇ. ಕ್ಯಾಮೆರಾ ನಿಲ್ಲಿಸಿದ್ದು ಅವರೇ ಅಂತಾಯ್ತು."

ವಸಂತಮ್ಮನ ಮುಖ ಬಿಳಚಿಕೊಂಡಿತು. ತನ್ನ ಕೈಗುಣದ ಸಂಗತಿ ಅವರಿಗೆ ತಿಳಿದದ್ದು ಆ ಕ್ಷಣದಲ್ಲಿ. ಧರಣಿಯ ದನಿ ಮಾತ್ರ ಅಲುಗಲಿಲ್ಲ.

"ಹೌದು ಸರ್, ಎಲ್ಲರ ಎದುರು, ನೀವೂ ಕೈ ಮುಗಿದು ನಿಂತಿರುವಾಗ ಆರಿಸಿದರು. ಆರತಿ ಆದ ಮೇಲೆ ಕ್ಯಾಮೆರಾ ಎದ್ದು ಇಡೀ ದಿನ ಬರೆದಿದೆ. ಓದದೆ ಇದ್ದದ್ದು ನಮ್ಮ ಪ್ರೋಗ್ರಾಂ. ಅದು ಸುಳ್ಳು ಹೇಳಲಿಲ್ಲ, ನೋಡದೆ ಹೇಳಿತು. ಈಗ ನೋಡಿದೀವಿ."

ಲ್ಯಾಪ್‌ಟಾಪ್ ತಿರುಗಿಸಿದಳು. ವಸಂತಮ್ಮ ಆಚೆ ಹೋಗಬಹುದು, ನೋಡಬೇಕಾಗಿಲ್ಲ, ಎಂದಳು. ವಸಂತಮ್ಮ ಕದಲಲಿಲ್ಲ.

ತಗಡು ಇಟ್ಟದ್ದು ಕಂಡಿತು. ಎರಡು ಕೈ ಎರಡು ಬಟನ್ನಿನ ಮೇಲೆ. ಪ್ರೆಸ್ ಇಳಿಯಿತು, ಏರಿತು. ಕೈಗಳು ಬಟನ್ ಬಿಟ್ಟವು. ಎಡಗೈ ಹಣೆಯ ಬೆವರು ಒರೆಸಲು ಮೇಲೆ ಹೋಯಿತು, ಬಲಗೈ ಮುಚ್ಚಳ ತೆಗೆಯಲು ಒಳಗೆ ಹೋಯಿತು. ಬಟನ್ನುಗಳ ಮೇಲೆ ಯಾರ ಕೈಯೂ ಇರಲಿಲ್ಲ. ಪ್ರೆಸ್ ಮತ್ತೆ ಇಳಿಯಿತು.

ಮಾಲೀಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆ ಪ್ರೆಸ್ ನಿಲ್ಲಿಸಿ. ಈಗಲೇ" ಎಂದರು. ಮಹೇಂದ್ರ ಎದ್ದು ಹೋದರು. ಸ್ವಲ್ಪ ಹೊತ್ತಿಗೆ ಆ ಧಡ್ ಧಡ್ ಸದ್ದು ನಿಂತಿತು. ಮಾಲೀಕರು ವಸಂತಮ್ಮನ ಕಡೆ ತಿರುಗಿ, "ನಿಮ್ಮ ಮಾತು ನಂಬಬೇಕಿತ್ತು" ಎಂದರು. ಚಿಕಿತ್ಸೆಯ ವಿಷಯ, ಕೆಲಸದ ವಿಷಯ ಏನೇನೋ ಹೇಳಿದರು. ವಸಂತಮ್ಮ ಅವರ ಮಾತು ಕೇಳುತ್ತಿದ್ದಂತೆ ಕಾಣಲಿಲ್ಲ. ಮಹದೇವು ಹೆಂಡತಿಯ ಮುಖ ನೋಡಲಾರದೆ ನೆಲ ನೋಡುತ್ತಿದ್ದರು.

ಆವತ್ತಿನಿಂದ ಆ ಕಚೇರಿಯ ವರದಿಯಲ್ಲಿ ಎರಡು ಬೇರೆ ಮಾತುಗಳಿವೆ. ನೋಡಿದ ಮೇಲೂ ಕೈ ಸಿಗದಿದ್ದರೆ "ಇಲ್ಲ". ಫ್ರೇಮ್ ಖಾಲಿ ಬಂದರೆ "ನೋಡಲಾಗಲಿಲ್ಲ". ಶಿವಕಿರಣನೇ ಕೂತು ಎಲ್ಲ ಕಾರ್ಖಾನೆಗಳ ಪ್ರೋಗ್ರಾಮಿನಲ್ಲೂ ಅದನ್ನು ಸೇರಿಸಿದ, ಹಳೆಯ ವರದಿಗಳನ್ನು ಮತ್ತೆ ಓದಿಸಿ ತಪ್ಪಾಯಿತೆಂದು ಎಲ್ಲರಿಗೂ ತಿಳಿಸಿದ. ಪ್ರೆಸ್ ರಿಪೇರಿಯಾದ ಮೇಲೆ ಶುಕ್ರವಾರದ ಪೂಜೆಯೂ ನಿಂತಿಲ್ಲ. ರೆಕಾರ್ಡರಿಗೆ ಮೊದಲು ಫೈಲು ಮುಚ್ಚಲು ಹೇಳಿ, ಆಮೇಲೆ ಸ್ವಿಚ್ಚು ಮುಟ್ಟುವುದನ್ನು ರಕ್ಷಿತಾ ಕಲಿತಿದ್ದಾಳೆ. ಇದೆಲ್ಲ ಆಮೇಲಿನ ಮಾತು.

ಆವತ್ತು ಎಲ್ಲರೂ ಹೊರಗೆ ಹೋದ ಮೇಲೆ ವಸಂತಮ್ಮ ಅಲ್ಲೇ ಉಳಿದರು. ಧರಣಿ ವೈರು ಸುತ್ತುತ್ತಿದ್ದಳು.

"ನಂಗೇ ಅನುಮಾನ ಬಂದಿತ್ತು ಕಣವ್ವ" ಎಂದರು ವಸಂತಮ್ಮ. "ಎಲ್ಲಾರೂ ಅಂಗಂದ್ರೆ ಎಷ್ಟು ದಿನ ತಡ್ಕೊಳ್ಳೋದು. ನಾನೇ ಎಲ್ಲೋ ಮೊಣಕೈಲಿ ಒತ್ಬುಟ್ನೇನೋ, ನಾನೇ ಸುಳ್ಳು ಹೇಳ್ತಿದೀನೇನೋ ಅಂತ. ಇನ್ನೊಂದು ಸಲ ಹಾಕ್ತೀಯಾ?"

ಧರಣಿ ವೈರನ್ನು ಕೆಳಗಿಟ್ಟು ಲ್ಯಾಪ್‌ಟಾಪ್ ತೆರೆದಳು. ಹಾಕಿದಳು. ತಗಡು, ಬಟನ್ನು, ಪ್ರೆಸ್ ಇಳಿದು ಏರಿತು, ಕೈಗಳು ಬಟನ್ ಬಿಟ್ಟವು.

"ಅಲ್ಲೇ ನಿಲ್ಸವ್ವ."

ಧರಣಿ ನಿಲ್ಲಿಸಿದಳು. ಆ ಫ್ರೇಮಿನಲ್ಲಿ ಬಲಗೈ ಬಟನ್ ಬಿಟ್ಟು ಎದ್ದಿತ್ತು, ಇನ್ನೂ ಒಳಗೆ ಹೋಗಿರಲಿಲ್ಲ. ಹಸಿರು ಗಾಜಿನ ಬಳೆ, ಬೆಳಗಿನ ಅರಿಸಿನ ಇನ್ನೂ ಹೋಗದ ಐದು ಬೆರಳು. ವಸಂತಮ್ಮ ಸೆರಗಿನಿಂದ ಕಟ್ಟು ಹಾಕಿದ ಕೈಯನ್ನು ಹೊರಗೆ ತೆಗೆದು ಪರದೆಯ ಪಕ್ಕಕ್ಕೆ ಹಿಡಿದರು.

"ಸ್ವಲ್ಪ ಹೊತ್ತು ಅಂಗೇ ಇರ್ಲಿ" ಎಂದರು. "ನನ್ನ ಕೈ ನೋಡ್ಕೋತೀನಿ."

ಧರಣಿ ಕುರ್ಚಿ ಎಳೆದು ಕೊಟ್ಟು, ಬಾಗಿಲು ಮುಂದೆ ಮಾಡಿ, ಅವರ ಪಕ್ಕ ಕೂತಳು.